ಎಲ್ಲ ಕ್ಲಾಸಿಗೂ ಫ್ರೇಮ್‌ವರ್ಕಿನ ಬೇಸ್ ಕ್ಲಾಸ್ ಬೇಕಾ?

ಸಂಪಾದಕರೇ,

ಕೋಡಿಂಗ್ ಕಲಿಸುವ ಬರಹಗಳಲ್ಲಿ ಇನ್‌ಹೆರಿಟೆನ್ಸ್ (ಒಂದು ಕ್ಲಾಸು ಇನ್ನೊಂದರ ಗುಣ, ಕೆಲಸಗಳನ್ನು ಪಡೆಯುವುದು) ಅಂದ ಕೂಡಲೇ ಉದಾಹರಣೆಗೆ ನಾಯಿ, ಬೆಕ್ಕು ಬಂದುಬಿಡುತ್ತವೆ. ಕೆಲಸದಲ್ಲಿ ಎದುರಾಗುವ ಪ್ರಶ್ನೆಯೇ ಬೇರೆ: ನಮ್ಮ ಕ್ಲಾಸು ಫ್ರೇಮ್‌ವರ್ಕಿನ (ಆ್ಯಪ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟಿನ) ಬೇಸ್ ಕ್ಲಾಸಿನಿಂದ, ಅಂದರೆ ಅದು ಕೊಡುವ ಮೂಲ ಕ್ಲಾಸಿನಿಂದ ಬರಬೇಕಾ, ಬೇಡವಾ?

ನಾನು ಮೊದಲು ನೋಡುವುದು, ಆ ಆಬ್ಜೆಕ್ಟನ್ನು ಹುಟ್ಟಿಸುವವರು ಯಾರು ಅಂತ. ಆಂಡ್ರಾಯ್ಡ್‌ನಲ್ಲಿ ಆ್ಯಕ್ಟಿವಿಟಿಯನ್ನು (ಆ್ಯಪಿನ ಒಂದು ಪರದೆಯನ್ನು) ಹುಟ್ಟಿಸುವುದು ಸಿಸ್ಟಮ್, ಆನ್‌ಕ್ರಿಯೇಟ್ ಅನ್ನೋ ಶುರುವಿನ ಮೆಥಡ್ ಕರೆಯುವುದೂ ಅದೇ, ಹಾಗಾಗಿ ಅಲ್ಲಿ ಎಕ್ಸ್‌ಟೆಂಡ್ ಮಾಡದೆ, ಅಂದರೆ ಬೇಸ್ ಕ್ಲಾಸಿನಿಂದ ಬರದೆ ಗತಿಯಿಲ್ಲ. ಪೈಥಾನಿನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದಲ್ಲಿ ಡೇಟಾಬೇಸ್ ಟೇಬಲ್ ಬೇಕಿದ್ದರೆ ಮಾಡೆಲ್ ಕ್ಲಾಸು, ಸರಿ. ಆದರೆ ಜಿಎಸ್‌ಟಿ ಲೆಕ್ಕ ಹಾಕುವ ಕ್ಲಾಸಿಗೆ ಅದು ಯಾಕೆ? ಸೇವ್, ಡಿಲೀಟ್ ಎಲ್ಲ ಸುಮ್ನೆ ಅಂಟಿಕೊಳ್ಳುತ್ತವೆ, ಬೇಡದ ಮೈಗ್ರೇಷನ್ (ಡೇಟಾಬೇಸ್ ಬದಲಿಸುವ ಫೈಲು) ಬೇರೆ, ಕೊನೆಗೆ ಒಂದು ಚಿಕ್ಕ ಟೆಸ್ಟ್ ಓಡಿಸಲೂ ಸೆಟ್ಟಿಂಗ್ಸ್ ಎಲ್ಲ ಲೋಡ್ ಆಗಬೇಕು.

ಜಾವಾದಲ್ಲಂತೂ ಒಂದು ಕ್ಲಾಸು ಎಕ್ಸ್‌ಟೆಂಡ್ ಮಾಡಬಹುದಾದದ್ದು ಒಂದನ್ನೇ. ಎರಡು ಹೆಲ್ಪರ್ ಮೆಥಡ್ ಸಿಗುತ್ತದೆ ಅಂತ ಆ ಜಾಗ ಬಿಟ್ಟುಕೊಡೋದು ಜಾಸ್ತಿ ದುಬಾರಿ ಅಲ್ವಾ? ಜಾವಾದ ಟೆಸ್ಟಿಂಗ್ ಫ್ರೇಮ್‌ವರ್ಕ್ ಜೆಯೂನಿಟ್ ಮಾಡಿದವರಿಗೂ ಇದು ಹೊಳೆದಿರಬೇಕು. ಮೂರನೇ ಆವೃತ್ತಿಯಲ್ಲಿ ಟೆಸ್ಟ್ ಕ್ಲಾಸು ಟೆಸ್ಟ್‌ಕೇಸ್ ಅನ್ನೋ ಬೇಸ್ ಕ್ಲಾಸಿನಿಂದ ಬರಬೇಕಿತ್ತು, 2006ರ ನಾಲ್ಕನೆಯದರಲ್ಲಿ ಮೆಥಡ್ ಮೇಲೆ ಟೆಸ್ಟ್ ಅನ್ನೋ ಅನೊಟೇಷನ್ (ಗುರುತು) ಹಾಕಿದರೆ ಸಾಕಾಯಿತು.

– ಒಬ್ಬ ಓದುಗ, ಮೈಸೂರು