ಟಿಕ್ಯಾಸ್ ಸದ್ದಿಲ್ಲದೆ ಕೈಕೊಟ್ಟರೆ: ನಾಗರಿಕ ವಿಮಾನಯಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರೇ,

ಆಕಾಶದಲ್ಲಿ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಉಪಕರಣ ಕೆಟ್ಟಿದ್ದರೂ ವಿಮಾನ ಪ್ರಯಾಣಿಕರನ್ನು ಹೊತ್ತು ಹಾರಬಹುದು. ಎಂಇಎಲ್ ಎಂಬ ವಿನಾಯಿತಿ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ‘ಸಿ’ ವರ್ಗದಲ್ಲಿರುತ್ತದೆ: ದೋಷ ಕಂಡ ದಿನ ಬಿಟ್ಟು 10 ದಿನದೊಳಗೆ ರಿಪೇರಿಯಾದರೆ ಸಾಕು. ನಮ್ಮ ತಕರಾರು ಇರುವುದು ಈ ಹತ್ತು ದಿನದ ಬಗ್ಗೆ.

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ ಬೋಯಿಂಗ್ 747 ಮತ್ತು ಕಜಕಿಸ್ತಾನದ ಇಲ್ಯೂಷಿನ್-76 ಡಿಕ್ಕಿಯಾಗಿ 349 ಜನ ಸತ್ತರು. ಆಮೇಲೆಯೇ ನಮ್ಮಲ್ಲಿ ಟಿಕ್ಯಾಸ್ ಕಡ್ಡಾಯವಾದದ್ದು. ಅಳವಡಿಸಿದ್ದಾಯಿತು, ಅದು ಕೆಟ್ಟಾಗ ಏನು ಎಂಬ ಕಡೆ ಅಷ್ಟೇ ಗಮನ ಹರಿದಿಲ್ಲ.

ಟಿಕ್ಯಾಸ್ ಸುತ್ತಲಿನ ವಿಮಾನಗಳ ಟ್ರಾನ್ಸ್‌ಪಾಂಡರ್‌ಗಳನ್ನು (ವಿಮಾನದ ಗುರುತು, ಎತ್ತರ ತಿಳಿಸುವ ರೇಡಿಯೋ ಉಪಕರಣ) 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನಿಸುತ್ತದೆ, ಉತ್ತರ 1090ರಲ್ಲಿ ಬರುತ್ತದೆ. ಡಿಕ್ಕಿಯ ಕ್ಷಣಕ್ಕೆ 15ರಿಂದ 35 ಸೆಕೆಂಡ್ ಮುಂಚೆ ‘ಕ್ಲೈಂಬ್’ (ಏರು) ಅಥವಾ ‘ಡಿಸೆಂಡ್’ (ಇಳಿ) ಎಂದು ಆದೇಶ ಕೊಡುತ್ತದೆ, ಇದಕ್ಕೆ ಆರ್‌ಎ ಎನ್ನುತ್ತಾರೆ. ಪೈಲಟ್ 5 ಸೆಕೆಂಡಿನೊಳಗೆ ಅದರಂತೆ ನಡೆಯಬೇಕು, ಎಟಿಸಿ, ಅಂದರೆ ನೆಲದ ವಿಮಾನ ಸಂಚಾರ ನಿಯಂತ್ರಣ, ಬೇರೆ ಹೇಳಿದರೂ ಸರಿಯೇ. 2002ರಲ್ಲಿ ಜರ್ಮನಿಯ ಊಬರ್ಲಿಂಗನ್ ಮೇಲೆ ಒಂದು ವಿಮಾನ ಟಿಕ್ಯಾಸ್ ಮಾತು ಕೇಳಿತು, ಇನ್ನೊಂದು ಕಂಟ್ರೋಲರ್ ಮಾತು ಕೇಳಿತು. ಎರಡೂ ಕೆಳಗಿಳಿದವು. 71 ಜನ ಹೋದರು.

ಇದಕ್ಕಿಂತ ಕೆಟ್ಟದ್ದು, ಉಪಕರಣ ಬಾಯಿ ಮುಚ್ಚಿಕೊಂಡು ಕೂರುವುದು. ಸ್ವಂತ ಟ್ರಾನ್ಸ್‌ಪಾಂಡರ್ ನಿಂತರೆ ಟಿಕ್ಯಾಸ್ ಕೂಡ ಸ್ಟ್ಯಾಂಡ್‌ಬೈಗೆ ಹೋಗುತ್ತದೆ. ಆಗ ಈ ವಿಮಾನಕ್ಕೆ ಯಾರೂ ಕಾಣುವುದಿಲ್ಲ, ಎದುರಿನವರ ಟಿಕ್ಯಾಸ್‌ಗೆ ಈ ವಿಮಾನವೂ ಕಾಣುವುದಿಲ್ಲ. 2006ರ ಸೆಪ್ಟೆಂಬರ್ 29ರಂದು ಬ್ರೆಜಿಲ್‌ನ ಅಮೆಜಾನ್ ಕಾಡಿನ ಮೇಲೆ ಆದದ್ದು ಇದೇ. ಎಂಬ್ರಾಯರ್ ಲೆಗಸಿ ಜೆಟ್ ಮತ್ತು ಬೋಯಿಂಗ್ 737 ಎರಡೂ 37,000 ಅಡಿಯಲ್ಲಿ ಎದುರುಬದುರಾಗಿದ್ದವು. ಲೆಗಸಿಯ ಪರದೆಯಲ್ಲಿ ‘ಟಿಕ್ಯಾಸ್ ಆಫ್’ ಎಂಬ ಸಣ್ಣ ಅಕ್ಷರಗಳಿದ್ದವು ಅಷ್ಟೆ, ಗಂಟೆ ಬಾರಿಸಲಿಲ್ಲ. ಬೋಯಿಂಗ್‌ನಲ್ಲಿದ್ದ 154 ಮಂದಿಯೂ ಸತ್ತರು.

ಆದ್ದರಿಂದ ಟಿಕ್ಯಾಸ್ ದೋಷದ ಸಂದೇಶ ಬಂದೊಡನೆ ಪೈಲಟ್ ಮೊದಲು ನೋಡಬೇಕಾದದ್ದು ಟ್ರಾನ್ಸ್‌ಪಾಂಡರನ್ನು. ವಿಮಾನದ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಿಸಿ, ಮೋಡ್ ಮತ್ತೆ ಟಿಎ/ಆರ್‌ಎಗೆ (ಎಚ್ಚರಿಕೆ, ಆದೇಶ ಎರಡನ್ನೂ ಕೊಡುವ ಸ್ಥಿತಿಗೆ) ಬಂತೇ ಎಂದು ಓದಿ ಹೇಳಬೇಕು. ಟಿಕ್ಯಾಸ್ ಮರಳಿದರೆ ದೋಷ ಮೊದಲ ಟ್ರಾನ್ಸ್‌ಪಾಂಡರ್ ಕಡೆಯದು. ಮರಳದಿದ್ದರೆ ಎಟಿಸಿಗೆ ತಿಳಿಸಿ, ಎಟಿಸಿ ಕೊಟ್ಟ ಎತ್ತರ ತಲುಪುವ ಕೊನೆಯ 1000 ಅಡಿಯನ್ನು ನಿಮಿಷಕ್ಕೆ 1500 ಅಡಿ ಮೀರದಂತೆ ಏರಬೇಕು, ಇಳಿಯಬೇಕು. ಎರಡೂ ಟ್ರಾನ್ಸ್‌ಪಾಂಡರ್ ಹೋದರೆ 29,000 ಅಡಿಯಿಂದ ಮೇಲಿನ ಆರ್‌ವಿಎಸ್‌ಎಂ ಪದರದಲ್ಲಿ (ವಿಮಾನಗಳ ನಡುವಿನ ಎತ್ತರದ ಅಂತರ ಕಡಿಮೆ ಮಾಡಿರುವ ಆಕಾಶ) ಇರಲಾಗದು ಎಂದು ಕೂಡಲೇ ಹೇಳಬೇಕು.

ಇನ್ನೊಂದು ಬಗೆ, ಇಲ್ಲದ ವಿಮಾನ ಕಾಣುವುದು. ಟಿಕ್ಯಾಸ್ ತನ್ನದೇ ಟ್ರಾನ್ಸ್‌ಪಾಂಡರಿನ ಉತ್ತರವನ್ನು ಬೇರೆಯವರದೆಂದು ಹಿಡಿದರೆ ಪರದೆಯಲ್ಲಿ ‘00’ ಎತ್ತರದ (ಅಂದರೆ ನಮ್ಮಷ್ಟೇ ಎತ್ತರದ) ಗುರುತೊಂದು ಬೆನ್ನು ಬಿಡದೆ ಅಂಟಿಕೊಳ್ಳುತ್ತದೆ. ಆದರೂ ಆರ್‌ಎ ಬಂದರೆ ಮೊದಲು ಪಾಲಿಸಬೇಕು, ಅನುಮಾನವನ್ನೆಲ್ಲ ಆಮೇಲೆ ಬರೆದುಕೊಡಬೇಕು. 2025ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ರೇಗನ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಹಲವು ವಿಮಾನಗಳಿಗೆ, ಬೇರೆ ಕಾರಣಕ್ಕಾದರೂ, ಸುಳ್ಳು ಎಚ್ಚರಿಕೆ ಬಂದಿತ್ತು. ಸುಳ್ಳು ಎಂದು ಅಲಕ್ಷಿಸುವ ಅಭ್ಯಾಸ ಒಮ್ಮೆ ಬಿದ್ದರೆ ಬಿಡಿಸುವುದು ಕಷ್ಟ.

ಹ್ಯಾಂಗರಿನ ಮಾತೂ ಇದೆ. ನೆಲದಲ್ಲಿ ನಿಂತ ವಿಮಾನದ ಟ್ರಾನ್ಸ್‌ಪಾಂಡರನ್ನು ಕೃತಕ ಎತ್ತರ ಕೊಟ್ಟು ಪರೀಕ್ಷಿಸುವಾಗ ಆಂಟೆನಾಗೆ ಕವಚ ಹಾಕದಿದ್ದರೆ, ಮೇಲೆ ಹಾರುವವರಿಗೆ ಅದು ನಿಜವಾದ ವಿಮಾನದಂತೆ ಕಾಣುತ್ತದೆ. ಟಿಕ್ಯಾಸ್‌ನ ದಿಕ್ಕು ಹೇಳುವ ಆಂಟೆನಾಗೆ ನಾಲ್ಕು ಕೋಆಕ್ಸ್ ಕೇಬಲ್‌ಗಳಿರುತ್ತವೆ. ಎಡಬಲದ ಎರಡು ಅದಲುಬದಲಾದರೆ ಬಲಗಡೆಯ ವಿಮಾನ ಎಡಗಡೆ ತೋರುತ್ತದೆ. ಮೇಲೆ, ಕೆಳಗೆ ಎಂಬ ಆದೇಶಕ್ಕೆ ದಿಕ್ಕು ಬೇಡವಾದ್ದರಿಂದ ಅದು ಸರಿಯಾಗಿಯೇ ಇರುತ್ತದೆ. ಪೈಲಟ್ ಮಾತ್ರ ತಪ್ಪು ಕಿಟಕಿಯಲ್ಲಿ ಹುಡುಕುತ್ತಾನೆ. ಮಳೆಗಾಲದಲ್ಲಿ ಕೆಳಗಿನ ಆಂಟೆನಾದ ಕನೆಕ್ಟರಿಗೆ ನೀರು ಸೇರಿ ಬಂದುಹೋಗುವ ದೋಷವಂತೂ ಸರ್ಕ್ಯೂಟ್ ಬ್ರೇಕರ್ ಎಳೆದು ಒತ್ತಿದರೆ ಮಾಯ, ಮರುದಿನ ಮತ್ತೆ ಹಾಜರ್.

ಬೆಂಗಳೂರನ್ನೇ ನೋಡಿ. ಕೆಂಪೇಗೌಡ ನಿಲ್ದಾಣದ ಎರಡು ರನ್‌ವೇ, ಪಕ್ಕದಲ್ಲೇ ಯಲಹಂಕದ ವಾಯುಪಡೆ, ಜಕ್ಕೂರಿನ ತರಬೇತಿ ವಿಮಾನಗಳು, ಆಚೆ ಎಚ್‌ಎಎಲ್. 2022ರ ಜನವರಿ 7ರಂದು ಎರಡು ರನ್‌ವೇಗಳಿಂದ ಒಟ್ಟಿಗೇ ಎದ್ದ ಎರಡು ವಿಮಾನಗಳು ಒಂದರತ್ತ ಒಂದು ಸಾಗಿದವು. ರಾಡಾರ್ ಕಂಟ್ರೋಲರ್ ನೋಡಿ ದಿಕ್ಕು ತಿರುಗಿಸಿದರು. ನೆಲದಿಂದ ಸುಮಾರು 1000 ಅಡಿಯವರೆಗೆ ಟಿಕ್ಯಾಸ್ ಆರ್‌ಎ ಕೊಡುವುದೇ ಇಲ್ಲ. ಅದರ ಮೇಲಿನ ಎತ್ತರದಲ್ಲಾದರೂ ಅದು ಇರಬೇಡವೇ?

ನಮ್ಮ ಬೇಡಿಕೆ ಇಷ್ಟು. ಬಿಡಿಭಾಗವೂ ಎಂಜಿನಿಯರೂ ಇರುವ ಬೆಂಗಳೂರು, ದೆಹಲಿ, ಮುಂಬೈಗಳಿಂದ ಟಿಕ್ಯಾಸ್ ಕೆಟ್ಟ ವಿಮಾನ ಹೊರಡಕೂಡದು. ಹತ್ತು ದಿನದ ಸವಲತ್ತು ದೂರದ ಊರಲ್ಲಿ ಸಿಕ್ಕಿಕೊಂಡ ವಿಮಾನವನ್ನು ಬೇಸ್‌ಗೆ ತರುವುದಕ್ಕೆ ಮಾತ್ರ ಸಿಗಲಿ. ಟಿಕ್ಯಾಸ್ ಇಲ್ಲದ ಹಾರಾಟವೆಂದು ಕಂಟ್ರೋಲರಿಗೆ ಮೊದಲ ಕರೆಯಲ್ಲೇ ತಿಳಿಯಲಿ. ಒಂದೇ ವಿಮಾನದಲ್ಲಿ ಅದೇ ದೋಷ ಮರುಕಳಿಸಿದರೆ ‘ಟೆಸ್ಟ್ ಓಕೆ’ ಎಂದು ಲಾಗ್‌ಬುಕ್ ಮುಚ್ಚಲು ಬಿಡದೆ ಆಂಟೆನಾ, ಕೇಬಲ್ ಬಿಚ್ಚಿ ನೋಡಿದ ದಾಖಲೆ ಕೇಳಿ. ಸುಳ್ಳು ಆರ್‌ಎ ವರದಿ ಕೊಟ್ಟ ಪೈಲಟ್‌ಗೆ ನೋಟಿಸ್ ಹೋಗದಿರಲಿ. ಆ ವರದಿಗಳನ್ನು ನಿಲ್ದಾಣವಾರು ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಪ್ರಕಟಿಸಲಿ.

ಇಂತಿ,
ಕಾಕ್‌ಪಿಟ್, ಹ್ಯಾಂಗರ್ ಮತ್ತು ರಾಡಾರ್ ಕೋಣೆಯ ಕೆಲಸ ಬಲ್ಲ ಕೆಲವು ಕನ್ನಡಿಗರು