ಕೊಲೆಯ ಲೆಕ್ಕ ಓದುವ ಬಗೆ

ಮಾನ್ಯ ಸಂಪಾದಕರೇ,

ಊರುಗಳ ‘ಸುರಕ್ಷತೆ’ಗೆ ರ‍್ಯಾಂಕ್ ಕೊಡುವ ಪಟ್ಟಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಅಪರಾಧಗಳನ್ನೆಲ್ಲ ಒಟ್ಟು ಕೂಡಿಸಿದ ಇಂಥ ಪಟ್ಟಿಗಿಂತ ಕೊಲೆಯ ಪ್ರಮಾಣವೊಂದನ್ನೇ ನೋಡುವುದು ಮೇಲು. ಹಲ್ಲೆ, ಅತ್ಯಾಚಾರದ ಅಂಕಿ ಏರಿದರೆ ಅಪರಾಧ ಹೆಚ್ಚಿತೋ, ಠಾಣೆಯ ಮೆಟ್ಟಿಲು ಹತ್ತುವ ಧೈರ್ಯ ಜನರಿಗೆ ಬಂತೋ ಹೇಳಲಾಗದು. ಹೆಣ ಮುಚ್ಚಿಡುವುದು ಅಷ್ಟು ಸುಲಭವಲ್ಲ. ಕೊಲೆ ಪೊಲೀಸರಲ್ಲೂ ಮರಣ ನೋಂದಣಿಯಲ್ಲೂ ದಾಖಲಾಗುವುದರಿಂದ ಎರಡನ್ನೂ ತಾಳೆ ನೋಡಬಹುದು. ಸಾವಿನ ಕಾರಣಗಳನ್ನು ಗುರುತಿಸುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ವರ್ಗೀಕರಣದಲ್ಲಿ ಹಲ್ಲೆಯ ಸಾವಿಗೆ ಎಕ್ಸ್85ರಿಂದ ವೈ09ರವರೆಗಿನ ಸಂಕೇತಗಳಿವೆ. ‘ಉದ್ದೇಶ ತಿಳಿಯದ’ ಸಾವುಗಳು ವೈ10ರಿಂದ ವೈ34ಕ್ಕೆ ಹೋಗುತ್ತವೆ. ಎರಡನೆಯ ಗುಂಪು ವಿಪರೀತ ದೊಡ್ಡದಿದ್ದರೆ ಕೊಲೆಗಳು ಅಲ್ಲಿ ಸೇರಿಕೊಂಡಿರಬಹುದೆಂದು ಅನುಮಾನಿಸಬೇಕು.

ಎಡವುವುದು ಹೆಚ್ಚಾಗಿ ಭಾಗಾಕಾರದಲ್ಲಿ. 20,000 ಜನರಿರುವ ಊರಿನಲ್ಲಿ ವರ್ಷಕ್ಕೆ ಒಂದು ಕೊಲೆಯಾದರೆ ಪ್ರಮಾಣ ಲಕ್ಷ ಜನಕ್ಕೆ 5. ಮರುವರ್ಷ ಎರಡಾದರೆ 10. ‘ಕೊಲೆ ಇಮ್ಮಡಿ’ ಎಂಬ ತಲೆಬರಹಕ್ಕೆ ಇಷ್ಟು ಸಾಕು! ಆದರೆ ವರ್ಷಕ್ಕೆ ಸರಾಸರಿ ಒಂದು ಕೊಲೆಯಾಗುವ ಕಡೆ, ಊರಿನಲ್ಲಿ ಏನೂ ಬದಲಾಗದಿದ್ದರೂ, ನೂರು ವರ್ಷಗಳಲ್ಲಿ ಸುಮಾರು 37 ವರ್ಷ ಒಂದೂ ಆಗುವುದಿಲ್ಲ, 26 ವರ್ಷ ಎರಡೋ ಹೆಚ್ಚೋ ಆಗುತ್ತವೆ. ಬರೀ ಆಕಸ್ಮಿಕ. ಆದ್ದರಿಂದ ಐದು ವರ್ಷದ ಕೊಲೆಗಳನ್ನು ಕೂಡಿಸಿ, ಆ ಐದೂ ವರ್ಷಗಳ ಜನಸಂಖ್ಯೆಯ ಮೊತ್ತದಿಂದ ಭಾಗಿಸಿ, ಲಕ್ಷದಿಂದ ಗುಣಿಸಬೇಕು. ಇಷ್ಟು ಚಿಕ್ಕ ಊರಿಗೆ ಆಗಲೂ ಸಿಗುವುದು ಅಂದಾಜೇ.

ಯಾವ ವರ್ಷದ ಲೆಕ್ಕ ಎಂಬುದನ್ನೂ ಕೇಳಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೊಲೆಯನ್ನು ಎಣಿಸುವುದು ಪೊಲೀಸರು ದಾಖಲಿಸಿದ ವರ್ಷಕ್ಕೆ. ವೈದ್ಯ ಹೆರಾಲ್ಡ್ ಶಿಪ್‌ಮನ್ ಹಲವು ವರ್ಷಗಳಲ್ಲಿ ಕೊಂದ ರೋಗಿಗಳ ಪೈಕಿ 172 ಮಂದಿ 2002–03ರ ಒಂದೇ ವರ್ಷದ ಲೆಕ್ಕಕ್ಕೆ ಬಂದರು.

ವಿಶ್ವಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 4.58 ಲಕ್ಷ ಜನ ಕೊಲೆಯಾದರು, ಲಕ್ಷಕ್ಕೆ 5.8. ಸತ್ತವರಲ್ಲಿ ಐದರಲ್ಲಿ ನಾಲ್ವರು ಗಂಡಸರು. ಹೆಂಗಸರ ಕಥೆಯೇ ಬೇರೆ: 2022ರಲ್ಲಿ ಕೊಲೆಯಾದ ಸುಮಾರು 89,000 ಹೆಂಗಸರಲ್ಲಿ ಶೇ 55ರಷ್ಟು ಮಂದಿಯನ್ನು ಕೊಂದವರು ಸಂಗಾತಿ ಅಥವಾ ಮನೆಯವರೇ. ಬೀದಿಯ ಕಾಳಗ ತಣ್ಣಗಾಗಿ ಒಟ್ಟು ಅಂಕಿ ಇಳಿದರೂ ಮನೆಯೊಳಗಿನದು ಹಾಗೆಯೇ ಉಳಿದಿರಬಹುದು. ಬಿಡಿಸಿ ತೋರಿಸದ ಅಂಕಿ ಇದನ್ನು ಹೇಳುವುದಿಲ್ಲ.

ಅಂಕಿ ಇಳಿದ ಮಾತ್ರಕ್ಕೆ ಸಮಾಜ ಆರೋಗ್ಯವಾಗಿದೆ ಎನ್ನಲೂ ಆಗದು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಿ 2012ರಲ್ಲಿ ಗ್ಯಾಂಗ್‌ಗಳು ಕದನವಿರಾಮ ಮಾಡಿಕೊಂಡಾಗ ಕೊಲೆಗಳು ಸರಿಸುಮಾರು ಅರ್ಧಕ್ಕಿಳಿದವು. ಹಫ್ತಾ ವಸೂಲಿ ನಿಲ್ಲಲಿಲ್ಲ. ವಿರಾಮ ಮುರಿದು 2015ರಲ್ಲಿ ಪ್ರಮಾಣ ಲಕ್ಷಕ್ಕೆ 100 ದಾಟಿತು. 2023ರ ಸರ್ಕಾರಿ ಅಂಕಿ ಲಕ್ಷಕ್ಕೆ 2.4. ಇಷ್ಟರಲ್ಲಿ 2022ರಿಂದ ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದು, ಜನಸಂಖ್ಯೆಯ ಶೇ 1ಕ್ಕೂ ಹೆಚ್ಚು ಮಂದಿ ಜೈಲು ಸೇರಿದ್ದಾರೆ. ಈ ಎರಡು ಅಂಕಿಗಳನ್ನು ಒಟ್ಟಿಗೇ ಓದಬೇಕು.

ಇನ್ನು ಆಸ್ಪತ್ರೆ. ಚಾಕು ಇರಿತಕ್ಕೊಳಗಾದವರು ಬದುಕುವುದು ಆಂಬುಲೆನ್ಸ್, ರಕ್ತ, ಶಸ್ತ್ರಚಿಕಿತ್ಸಕ ಎಷ್ಟು ಬೇಗ ಸಿಗುತ್ತಾರೆ ಎಂಬುದರ ಮೇಲೆ. ಚಿಕಿತ್ಸೆ ಸುಧಾರಿಸಿದರೆ ಇರಿತಗಳು ಅಷ್ಟೇ ಇದ್ದರೂ ಕೊಲೆ ಕಡಿಮೆಯಾಗುತ್ತದೆ. ಹಾಗಾಗಿ ಗಾಯಾಳುಗಳನ್ನೂ ಎಣಿಸಬೇಕು. ವೇಲ್ಸ್‌ನ ಕಾರ್ಡಿಫ್‌ನಲ್ಲಿ ತುರ್ತು ಚಿಕಿತ್ಸಾ ವಿಭಾಗದ ಸಿಬ್ಬಂದಿ ಹಲ್ಲೆ ಎಲ್ಲಿ, ಯಾವಾಗ, ಯಾವ ಆಯುಧದಿಂದ ಆಯಿತೆಂದು ಕೇಳಿ ಬರೆದುಕೊಳ್ಳುತ್ತಾರೆ. ಹೆಸರು ತೆಗೆದ ಈ ಮಾಹಿತಿ ಪೊಲೀಸರಿಗೂ ಸ್ಥಳೀಯ ಆಡಳಿತಕ್ಕೂ ಹೋಗುತ್ತದೆ. ಠಾಣೆಗೆ ಬಾರದ ಎಷ್ಟೋ ಹಲ್ಲೆಗಳು ಬೆಳಕಿಗೆ ಬರುವುದು ಹೀಗೆ.

ಮುಂದಿನ ಸಲ ಇಂಥ ಪಟ್ಟಿ ಅಚ್ಚು ಹಾಕುವಾಗ ಪ್ರತಿ ಊರಿನ ಜನಸಂಖ್ಯೆ, ಕೊಲೆಗಳ ಮೂಲಸಂಖ್ಯೆ, ಐದು ವರ್ಷದ ಸರಾಸರಿ, ಹೆಣ್ಣು ಗಂಡಿನ ಲೆಕ್ಕ ಬೇರೆಬೇರೆಯಾಗಿ ಕೊಡಿ. ರ‍್ಯಾಂಕ್ ಕೈಬಿಟ್ಟರೂ ನಷ್ಟವಿಲ್ಲ.