ಇನ್ನು ಮುಂದೆ ತೂಕದ ಚೀಟಿ ಇಲ್ಲದೆ ಗಾಡಿ ಕೊಡುವುದಿಲ್ಲ

ನಮ್ಮ ಶೆಡ್ಡಿನಲ್ಲಿ ಕ್ಯಾರವಾನ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಮನೆಯಂಥ ಗಾಡಿ, ಮಾಡಿಸಿಕೊಂಡವರಿಗೆ, ಅಡ್ವಾನ್ಸ್ ಕೊಟ್ಟು ಕಾಯುತ್ತಿರುವವರಿಗೆ, ನಮಸ್ಕಾರ.

ವಿಷಯ ಮೊದಲು ಹೇಳಿಬಿಡುತ್ತೇವೆ. ಬರುವ ತಿಂಗಳ ಒಂದನೇ ತಾರೀಖಿನಿಂದ ಪ್ರತಿ ಗಾಡಿಯನ್ನೂ ಕೆಲಸ ಶುರು ಮಾಡುವ ಮೊದಲು ಒಂದು ಸಲ, ಕೆಲಸ ಮುಗಿದ ಮೇಲೆ ಇನ್ನೊಂದು ಸಲ ವೇಬ್ರಿಡ್ಜ್, ಅಂದರೆ ಲಾರಿ ತೂಗುವ ಕಟ್ಟೆ, ಅದರ ಮೇಲೆ ನಿಲ್ಲಿಸಿ ತೂಕ ಹಾಕಿಸುತ್ತೇವೆ. ಎರಡೂ ಚೀಟಿ ಕೀಲಿ ಜೊತೆ ನಿಮ್ಮ ಕೈಗೆ ಬರುತ್ತವೆ. ಗಾಡಿ ಕಂಪನಿಯವರು ಇಷ್ಟೇ ಹೊರಬೇಕು ಅಂತ ಪ್ಲೇಟಿನ ಮೇಲೆ ಬರೆದ ಒಟ್ಟು ತೂಕವನ್ನು ನಿಮ್ಮ ಮನೆಯವರು, ನೀರು, ಸಾಮಾನು ಎಲ್ಲ ಸೇರಿ ದಾಟುವ ಹಾಗಿದ್ದರೆ ಆ ಗಾಡಿಯನ್ನು ನಾವು ಡೆಲಿವರಿ ಕೊಡುವುದಿಲ್ಲ. ಬಿಚ್ಚಿ, ಹಗುರ ಮಾಡಿ, ಆಮೇಲೆ ಕೊಡುತ್ತೇವೆ. ಇದರಿಂದ ಇಷ್ಟು ದಿನ ಹಾಕಿಕೊಡುತ್ತಿದ್ದ ಕೆಲವು ಸಾಮಾನು ನಿಲ್ಲುತ್ತವೆ, ಕೆಲವು ಬದಲಾಗುತ್ತವೆ, ರೇಟೂ ಸ್ವಲ್ಪ ಏರುತ್ತದೆ.

ಯಾಕೆ ಅಂತ ಕೇಳುತ್ತೀರಿ, ಕೇಳಲೇಬೇಕು.

ಕಳೆದ ವರ್ಷ ನಾವೇ ಮಾಡಿಕೊಟ್ಟ ಒಂದು ಗಾಡಿಯಲ್ಲಿ ರಿಟೈರ್ಡ್ ಮೇಷ್ಟ್ರು ಒಬ್ಬರು ಮನೆಯವರನ್ನೆಲ್ಲ ಕೂರಿಸಿಕೊಂಡು ಉಡುಪಿಗೆ ಹೊರಟಿದ್ದರು. ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯುವಾಗ, 14 ತಿರುವಿನಲ್ಲಿ ಇನ್ನೂ ಅರ್ಧವೂ ಮುಗಿದಿರಲಿಲ್ಲ, ಬ್ರೇಕ್ ಪೆಡಲ್ ಮೆತ್ತಗಾಗತೊಡಗಿತು, ಒಳಗೆಲ್ಲ ಸುಟ್ಟ ವಾಸನೆ. ಮೇಷ್ಟ್ರು ಗಾಬರಿಯಾಗದೆ ಫಸ್ಟ್ ಗೇರಿಗೆ ತಂದು ಗೋಡೆ ಪಕ್ಕಕ್ಕೆ ನಿಲ್ಲಿಸಿದರು. ಅವರ ಮಗ ಇಳಿದು ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟ. ಯಾರಿಗೂ ಏನೂ ಆಗಲಿಲ್ಲ. ಒಂದೂವರೆ ಗಂಟೆ ಬ್ರೇಕ್ ಆರಲು ಬಿಟ್ಟು, ನಿಧಾನಕ್ಕೆ ಸೋಮೇಶ್ವರಕ್ಕೆ ಇಳಿದು, ಅಲ್ಲಿಂದ ನಮಗೆ ಫೋನ್ ಮಾಡಿದರು. ಬೈಯಲಿಲ್ಲ. "ಗಾಡಿ ಭಾರ ಆಗಿದೆ ಅನ್ಸುತ್ತಪ್ಪಾ, ಬಂದ ಮೇಲೆ ಒಂದ್ಸಲ ನೋಡಿ" ಅಂದರು, ಅಷ್ಟೇ. ಬೈದಿದ್ದರೇ ನಮಗೆ ಸಮಾಧಾನ ಆಗುತ್ತಿತ್ತು.

ಅವರು ವಾಪಸ್ ಬಂದ ಮಾರನೇ ದಿನ ಬೆಳಗ್ಗೆ, ಸಾಮಾನು ಒಂದೂ ಇಳಿಸದೆ, ಅವರೆಲ್ಲರನ್ನೂ ಕೂರಿಸಿಕೊಂಡೇ ಗಾಡಿಯನ್ನು ಎ.ಪಿ.ಎಂ.ಸಿ. ಕಡೆಯ ವೇಬ್ರಿಡ್ಜಿಗೆ ತೆಗೆದುಕೊಂಡು ಹೋದೆವು. ನಮ್ಮ ಮುಂದೆ ಮೆಕ್ಕೆಜೋಳದ ಲಾರಿ ಎರಡು ಇದ್ದವು. ನಮ್ಮ ಪಾಳಿ ಬಂದಾಗ ತೂಕದವರು ಕಿಟಕಿಯಿಂದ ಬಗ್ಗಿ ನೋಡಿ "ಏನ್ ಲೋಡ್ ಅಣ್ಣಾ?" ಅಂದರು. ಮನೆ ಅಂದೆವು. ಚೀಟಿ ಕೈಗೆ ಬಂದಾಗ ಕಂಪನಿ ಹೇಳಿದ್ದಕ್ಕಿಂತ 310 ಕಿಲೋ ಜಾಸ್ತಿ ಇತ್ತು.

ಆವಾಗ ಕೆಳಗೆ ಕೂತು ನೋಡಿದ್ದು ಇನ್ನೂ ಕಣ್ಣಲ್ಲಿದೆ. ಹಿಂದಿನ ಟೈರಿಗೂ ಮಡ್ಗಾರ್ಡಿಗೂ ಮಧ್ಯೆ ಆ ಗಾಡಿ ನಮ್ಮ ಶೆಡ್ಡಿಗೆ ಮೊದಲು ಬಂದಾಗ ನಾಲ್ಕು ಬೆರಳು ಆರಾಮವಾಗಿ ಹಿಡಿಯುತ್ತಿತ್ತು. ಈಗ ಎರಡು ಬೆರಳು ತೂರುವುದೂ ಕಷ್ಟ. ಗಾಡಿಯ ಭಾರ ಹೊರುವ ಕಮಾನು ಪ್ಲೇಟುಗಳು ಬಾಗುವುದನ್ನೇ ಬಿಟ್ಟು ಚಪ್ಪಟೆಯಾಗಿ ಮಲಗಿದ್ದವು. ಅದರ ಮೇಲಿನ ರಬ್ಬರ್ ಗುಬಟಿನ ಮೇಲೆ ಆಕ್ಸಲ್ (ಚಕ್ರಗಳನ್ನು ಹಿಡಿದ ಅಚ್ಚು) ಬಡಿದು ಬಡಿದು ಹೊಳೆಯುವ ಗುರುತು. ಪ್ರತಿ ಹಂಪ್‌ನಲ್ಲೂ ಗಾಡಿ ಹೇಳುತ್ತಲೇ ಇತ್ತು. ನಾವು ಸೋಫಾ ಬಣ್ಣ ಚೆನ್ನಾಗಿ ಬಂದಿದೆಯಾ ಅಂತ ನೋಡುತ್ತಿದ್ದೆವು.

ಅಷ್ಟು ಭಾರ ಎಲ್ಲಿಂದ ಬಂತು ಅಂತ ಒಂದೊಂದೇ ಬಿಚ್ಚಿ ತೂಗಿದೆವು. 18 ಎಂಎಂ ಪ್ಲೈವುಡ್, ಎಂಟಡಿ ನಾಲ್ಕಡಿ ಶೀಟು, ಒಂದಕ್ಕೆ ಹೆಚ್ಚುಕಮ್ಮಿ 32 ಕಿಲೋ. ಆ ಗಾಡಿಗೆ ಒಂಬತ್ತು ಶೀಟು ಹೋಗಿತ್ತು, ಅಲ್ಲಿಗೇ 290 ಕಿಲೋ ಹತ್ತಿರ. ಮನೆ ಇನ್ವರ್ಟರಿಗೆ ಹಾಕುವ 150 ಎ.ಎಚ್. (ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವ ಅಳತೆ) ಟ್ಯೂಬುಲರ್ ಬ್ಯಾಟರಿ ಎರಡು, ಅವೇ 115 ಕಿಲೋ. ಟಾಪ್ ಮೇಲೆ ಕಬ್ಬಿಣದ ಆಂಗಲ್ ಕ್ಯಾರಿಯರ್ 60 ಕಿಲೋ, ಅದರ ಮೇಲೆ 150 ಲೀಟರ್ ನೀರಿನ ಟ್ಯಾಂಕ್. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, ಇದು ಎಲ್ಲರಿಗೂ ಗೊತ್ತು, ಆದರೆ 150 ಲೀಟರ್ ಅಂದಾಗ ತಲೆ ಮೇಲೆ ಎರಡೂವರೆ ಆಳು ಕೂತ ಹಾಗೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಅಡುಗೆ ಕಟ್ಟೆಗೆ ಗ್ರಾನೈಟ್ ಬೇಕೇ ಬೇಕು ಅಂತ ಮೇಷ್ಟ್ರ ಮನೆಯವರು ಕೇಳಿದ್ದರು, ಹಾಕಿದ್ದೆವು. ಚದರಡಿಗೆ ಐದು ಕಿಲೋ ಬರುತ್ತದೆ, ಆರು ಚದರಡಿಗೆ 30 ಕಿಲೋ.

ಕೇಳಿದ್ದನ್ನೆಲ್ಲ ಹಾಕಿಕೊಡುವುದೇ ಒಳ್ಳೆ ಕೆಲಸ ಅಂತ ನಾವು ತಿಳಿದಿದ್ದೆವು. ಕೊನೆಗೆ ಎಷ್ಟಾಯಿತು ಅಂತ ಕೂಡಿಸಿ ನೋಡುವುದು ನಮ್ಮ ಕೆಲಸವಾಗಿತ್ತು, ನಾವು ನೋಡಲಿಲ್ಲ. ತಪ್ಪು ನಮ್ಮದು.

ಮೇಷ್ಟ್ರ ಗಾಡಿಯನ್ನು ನಮ್ಮ ಖರ್ಚಿನಲ್ಲೇ ಮತ್ತೆ ಕಟ್ಟಿದೆವು. ಈಗ ಎಲ್ಲ ಗಾಡಿಗೂ ಅದೇ ಲೆಕ್ಕ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಪ್ಲೈವುಡ್ 12 ಎಂಎಂಗೆ ಇಳಿಸಿದ್ದೇವೆ. ಶೀಟು 22 ಕಿಲೋ ಬರುತ್ತದೆ. ತೆಳ್ಳಗಾಯಿತು, ಗಟ್ಟಿ ಇರುತ್ತಾ ಅಂತ ನೀವು ಕಪಾಟನ್ನು ಬೆರಳಲ್ಲಿ ತಟ್ಟಿ ನೋಡುತ್ತೀರಿ, ಗೊತ್ತು. ಮನೆಯ ಬೀರು ಒಂದೇ ಕಡೆ ನಿಂತಿರುತ್ತದೆ, ಗಾಡಿಯ ಕಪಾಟು ದಿನವಿಡೀ ಕುಲುಕುತ್ತದೆ. ಅದಕ್ಕೆ ಬೇಕಾಗುವುದು ದಪ್ಪ ಹಲಗೆ ಅಲ್ಲ, ಒಳ್ಳೆ ಜೋಡಣೆ. ಮೂಲೆಗಳಿಗೆ ಅಲ್ಯೂಮಿನಿಯಂ ಸೆಕ್ಷನ್ ಕೊಟ್ಟು, ಅಂಟು ಮತ್ತು ಸ್ಕ್ರೂ ಎರಡೂ ಹಾಕಿ ಬಿಗಿ ಮಾಡುತ್ತಿದ್ದೇವೆ. ಮೇಷ್ಟ್ರ ಗಾಡಿಯಲ್ಲಿ ಇದೊಂದರಲ್ಲೇ 90 ಕಿಲೋ ಇಳಿಯಿತು.

ಬ್ಯಾಟರಿ ಬದಲಾವಣೆ ಬಗ್ಗೆ ಜಾಸ್ತಿ ಪ್ರಶ್ನೆ ಬರುತ್ತಿವೆ, ಯಾಕೆಂದರೆ ದುಡ್ಡು ಅಲ್ಲೇ ಏರುವುದು. ಎರಡು ಟ್ಯೂಬುಲರ್ ಬದಲು 100 ಎ.ಎಚ್.ನ ಎರಡು ಲಿಥಿಯಂ ಬ್ಯಾಟರಿ ಹಾಕುತ್ತಿದ್ದೇವೆ. ಎಲ್.ಎಫ್.ಪಿ., ಲಿಥಿಯಂ ಐರನ್ ಫಾಸ್ಫೇಟ್ ಅನ್ನುತ್ತಾರಲ್ಲ, ಅದು. ಒಂದಕ್ಕೆ 12-13 ಕಿಲೋ ಅಷ್ಟೇ. 300 ಎ.ಎಚ್. ಇದ್ದದ್ದು 200 ಆಯಿತಲ್ಲ, ಮೋಸ ಅಲ್ವಾ ಅಂತ ಒಬ್ಬರು ಕೇಳಿದರು. ಅಲ್ಲ. ಟ್ಯೂಬುಲರ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ 12 ವೋಲ್ಟಿನ ಅವೆರಡರ 3,600 ವ್ಯಾಟ್-ಅವರ್‌ನಲ್ಲಿ (ಒಟ್ಟು ಕರೆಂಟಿನ ಲೆಕ್ಕ) ನಿಮಗೆ ಸಿಗುತ್ತಿದ್ದದ್ದು 1,800. ಲಿಥಿಯಂ ಎರಡರಲ್ಲಿ 2,560 ಇರುತ್ತದೆ, ಅದರಲ್ಲಿ ಶೇಕಡಾ 80 ಬಳಸಿದರೂ 2,000 ದಾಟುತ್ತದೆ. ಭಾರ 90 ಕಿಲೋ ಇಳಿದು ಕರೆಂಟು ಜಾಸ್ತಿಯೇ ಸಿಗುತ್ತದೆ. ಒಂದು ಚಿಕ್ಕ 12 ವೋಲ್ಟ್ ಫ್ರಿಜ್ಜು, ಎರಡು ಫ್ಯಾನು, ಲೈಟು, ಫೋನ್ ಚಾರ್ಜಿಂಗು ನಮ್ಮ ಏಪ್ರಿಲ್ ಬಿಸಿಲಲ್ಲೂ ಒಂದು ದಿನ, ಒಂದು ರಾತ್ರಿ ಆರಾಮವಾಗಿ ನಡೆಯುತ್ತವೆ. ಎ.ಸಿ. ಮಾತ್ರ ಬ್ಯಾಟರಿ ಮೇಲೆ ರಾತ್ರಿಪೂರ್ತಿ ಓಡುವುದಿಲ್ಲ. ಒಂದು ಟನ್ ಎ.ಸಿ.ಗೆ ಇದು ಎರಡು ಗಂಟೆ ಬಂದರೆ ಹೆಚ್ಚು. ಎ.ಸಿ. ಬೇಕಾದವರಿಗೆ ಹೊರಗಿನಿಂದ ಕರೆಂಟು ತೆಗೆದುಕೊಳ್ಳುವ ಪಾಯಿಂಟ್ ಕೊಡುತ್ತೇವೆ, ಉಳಿದುಕೊಳ್ಳುವ ಕಡೆ ಸಿಕ್ಕಿಸಿಕೊಳ್ಳಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ.

ಈ ಬ್ಯಾಟರಿಯನ್ನು ಗಾಡಿಯ ಡೈನಮೋಗೆ ನೇರ ಜೋಡಿಸಬಾರದು. ಅದು ಸಿಕ್ಕಷ್ಟೂ ಎಳೆಯುತ್ತದೆ, ಡೈನಮೋ ಕಾದು ಸುಟ್ಟುಹೋಗಬಹುದು. ಮಧ್ಯೆ ಕರೆಂಟನ್ನು ಮಿತಿಯಲ್ಲಿ ಬಿಡುವ ಒಂದು ಡಿಸಿ-ಡಿಸಿ ಚಾರ್ಜರ್ ಬೇಕು. ಅದೂ ಸೇರಿಯೇ ನಮ್ಮ ರೇಟು. ಯಾರಾದರೂ ಹೊರಗೆ ಕಡಿಮೆಗೆ ಲಿಥಿಯಂ ಹಾಕಿಸುತ್ತಿದ್ದರೆ ಈ ಒಂದು ಮಾತು ಕೇಳಿಕೊಳ್ಳಿ.

ಟಾಪ್ ಮೇಲೆ ನೀರಿನ ಟ್ಯಾಂಕ್ ಇನ್ನು ಯಾವ ಗಾಡಿಗೂ ಇಲ್ಲ. 70 ಲೀಟರಿನ ಟ್ಯಾಂಕನ್ನು ಫ್ಲೋರಿನ ಹತ್ತಿರ, ಎರಡು ಆಕ್ಸಲ್ ಮಧ್ಯೆ ಕೂರಿಸುತ್ತೇವೆ, ನೀರು ಹೊಯ್ದಾಡದ ಹಾಗೆ ಒಳಗೆ ಅಡ್ಡ ತಟ್ಟೆ ಇರುತ್ತದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ತಿರುವಿಗೊಮ್ಮೆ ಆ ಕಡೆ ಈ ಕಡೆ ಹೊಡೆಯುತ್ತದೆ. ಅದು ಮೇಲೆ ಇದ್ದರೆ ಗಾಡಿಯನ್ನೇ ವಾಲಿಸುತ್ತದೆ. ಬಿಂದಿಗೆ ಹೊತ್ತು ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಲ್ಲಿಗೆ 12 ವೋಲ್ಟಿನ ಪಂಪು. ಮನೆಯಿಂದ ತುಂಬಿಸಿಕೊಂಡು 200 ಕಿಲೋಮೀಟರ್ ಹೊತ್ತು ಹೋಗಬೇಡಿ, ಹೋದ ಊರಲ್ಲಿ ತುಂಬಿಸಿಕೊಳ್ಳಿ. ಕುಡಿಯುವುದಕ್ಕೆ ಒಂದು ಕ್ಯಾನ್ ಸಾಕು.

ಗ್ರಾನೈಟ್ ನಿಲ್ಲಿಸಿದ್ದೇವೆ, ಬದಲಿಗೆ ತೆಳು ಹಲಗೆ ಮೇಲೆ ಸ್ಟೀಲ್ ಶೀಟು. 14.2 ಕಿಲೋ ಗ್ಯಾಸ್ ಸಿಲಿಂಡರಿಗೆ ಜಾಗ ಮಾಡಿಕೊಡುವುದೂ ಇಲ್ಲ. ತುಂಬಿದ ಸಿಲಿಂಡರ್ 30 ಕಿಲೋ ಹತ್ತಿರ ಬರುತ್ತದೆ. 5 ಕಿಲೋದ್ದಕ್ಕೆ ಬೇರೆ ಪೆಟ್ಟಿಗೆ ಮಾಡಿ, ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಕೊಡುತ್ತೇವೆ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ, ಆ ತೂತನ್ನು ದಯವಿಟ್ಟು ಬಟ್ಟೆ ತುರುಕಿ ಮುಚ್ಚಬೇಡಿ. ಕ್ಯಾರಿಯರ್ ಬೇಕಾದವರಿಗೆ ಅಲ್ಯೂಮಿನಿಯಂನದು, 20 ಕಿಲೋ.

ಹಾಸಿಗೆ ಮುಟ್ಟಿಲ್ಲ. ಮೇಷ್ಟ್ರ ತಾಯಿ ತಮ್ಮ ಹಳೇ ಹತ್ತಿ ಗಾದಿ ಇಲ್ಲದೆ ಎಲ್ಲೂ ಮಲಗುವುದಿಲ್ಲ. ಅದು ಒಬ್ಬರೇ ಎತ್ತುವಂಥದ್ದಲ್ಲ, ಆದರೂ ಅದು ಗಾಡಿಯಲ್ಲೇ ಉಳಿಯಿತು. ಎಂಬತ್ತು ದಾಟಿದ ಅಜ್ಜಿ ನಿದ್ದೆ ಮಾಡದ ಗಾಡಿ ಕಟ್ಟಿ ಏನು ಪ್ರಯೋಜನ. ಅದಕ್ಕೆ ಜಾಗ ಆಗಲಿ ಅಂತಲೇ ಬೇರೆ ಕಡೆ ಇಳಿಸಿದ್ದು. ಎಲ್ಲ ಸೇರಿ 322 ಕಿಲೋ ಇಳಿಯಿತು. ಮಿತಿಗಿಂತ ಬರೀ 12 ಕಿಲೋ ಒಳಗೆ. ಮೇಷ್ಟ್ರು ತಾವೇ ಇನ್ನೆರಡು ನೀರಿನ ಕ್ಯಾನು ಕೆಳಗಿಟ್ಟರು, ಇನ್ನೊಂದು 40 ಕಿಲೋ ಹೋಯಿತು. ಒಂದು ರಾತ್ರಿ ಸೂಳೆಕೆರೆ ದಂಡೆ ಹತ್ತಿರ ನಿಲ್ಲಿಸಿ ಮಲಗಿ ಬಂದರು. ಹಂಪ್ ಮೇಲೆ ಹೋದರೆ ಪಾತ್ರೆ ಸದ್ದೇ ಬರುವುದಿಲ್ಲ ಅಂತ ಅವರ ಮನೆಯವರು ಹೇಳಿದಾಗ ನಮ್ಮ ಹುಡುಗರ ಮುಖ ನೋಡಬೇಕಿತ್ತು.

ಇನ್ನು, ಎಲ್ಲರೂ ಕೇಳುವ ಒಂದು ಮಾತು. ನಮ್ಮದು ಲಾರಿ ಕಂಡ ಊರು. ಭಾರ ಆಯಿತಾ, ಹಿಂದೆ ಎರಡು ಕಮಾನು ಪ್ಲೇಟ್ ಜಾಸ್ತಿ ಹಾಕಿಸಿಬಿಡಿ ಅಂತ ಸಲಹೆ ಕೊಡುವವರು ಪಿ.ಬಿ. ರಸ್ತೆ ಉದ್ದಕ್ಕೂ ಸಿಗುತ್ತಾರೆ. ನಾವೂ ಒಂದು ಕಾಲಕ್ಕೆ ಹಾಗೇ ಹೇಳಿದ್ದೆವು. ಪ್ಲೇಟ್ ಹಾಕಿದರೆ ಗಾಡಿ ಎದ್ದು ನಿಲ್ಲುತ್ತದೆ, ನಿಜ. ಆದರೆ ಬ್ರೇಕ್ ಅದೇ, ಆಕ್ಸಲ್ ಅದೇ, ಟೈರ್ ಅದೇ. ಟೈರಿನ ಪಕ್ಕದಲ್ಲಿ ಅಳತೆ ಆದ ಮೇಲೆ ಒಂದು ನಂಬರ್ ಇರುತ್ತದೆ, ಅದು ಆ ಟೈರು ಎಷ್ಟು ಹೊರುತ್ತದೆ ಅನ್ನುವ ಗುರುತು. 100 ಅಂತ ಇದ್ದರೆ ಒಂದು ಟೈರಿಗೆ 800 ಕಿಲೋ, ಅದಕ್ಕಿಂತ ಒಂದು ಕಿಲೋವನ್ನೂ ಪ್ಲೇಟು ಸೇರಿಸಿಕೊಡುವುದಿಲ್ಲ. ಎದ್ದು ನಿಂತ ಗಾಡಿ ನೋಡಿ ಎಲ್ಲ ಸರಿಹೋಯಿತು ಅಂದುಕೊಂಡು ಇನ್ನೂ ತುಂಬುತ್ತೇವೆ, ಅದೇ ಅಪಾಯ. ಮೇಲಾಗಿ ಕುಲುಕಾಟ ಜಾಸ್ತಿ, ಹಿಂದೆ ಮಲಗಿದವರ ಸೊಂಟ ಹೋಗುತ್ತದೆ. ಹಳೇ ಪ್ಲೇಟ್ ಸೋತಿದ್ದರೆ ಅಷ್ಟೇ ಸಂಖ್ಯೆಯ ಹೊಸದು ಹಾಕಿಸೋಣ. ಲೆಕ್ಕಕ್ಕಿಂತ ಜಾಸ್ತಿ ನಾವು ಹಾಕಿಸುವುದಿಲ್ಲ, ದಯವಿಟ್ಟು ಒತ್ತಾಯ ಮಾಡಬೇಡಿ.

ಕಾಗದಪತ್ರದ ವಿಷಯ ಮೊದಲಿನ ಹಾಗೇ. ಆರ್.ಸಿ.ಯಲ್ಲಿ ಇರುವ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂಥ ಬದಲಾವಣೆ ಮಾಡಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಹಾಗಾಗಿ ಆರ್.ಟಿ.ಓ. ಕಚೇರಿಯ ಒಪ್ಪಿಗೆ ಬರುವ ತನಕ ಸೀಟು ಬಿಚ್ಚುವುದಿಲ್ಲ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ.

ರೇಟು. ಹಳೇ ಪ್ಯಾಕೇಜಿಗಿಂತ 48,000 ರೂಪಾಯಿ ಜಾಸ್ತಿ ಆಗುತ್ತದೆ, ಅದರಲ್ಲಿ ದೊಡ್ಡ ಪಾಲು ಬ್ಯಾಟರಿ ಮತ್ತು ಚಾರ್ಜರಿನದು. ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ರೇಟೇ, ಹೊಸ ಕೆಲಸ. ಬೇಡ ಅನ್ನಿಸಿದರೆ ಅಡ್ವಾನ್ಸ್ ಪೂರ್ತಿ ವಾಪಸ್, ಬೇಜಾರಿಲ್ಲ. ಡೆಲಿವರಿ ಮಾತ್ರ ಹತ್ತು ದಿನ ತಡವಾಗುತ್ತದೆ.

ನಮ್ಮಲ್ಲಿ ಮೊದಲೇ ಮಾಡಿಸಿಕೊಂಡವರು, ನಿಮಗೇ ಈ ಪತ್ರ ಮುಖ್ಯ. ಗಾಡಿ ತನ್ನಿ, ತೂಕದ ಖರ್ಚು ನಮ್ಮದು. ಜಾಸ್ತಿ ಬಂದರೆ ಟಾಪ್ ಮೇಲಿನ ಟ್ಯಾಂಕ್ ಇಳಿಸಿ ಕೆಳಗೆ ಕೂರಿಸುವ ಕೂಲಿ ನಾವು ತೆಗೆದುಕೊಳ್ಳುವುದಿಲ್ಲ, ಹೊಸ ಸಾಮಾನಿನ ಅಸಲು ಮಾತ್ರ ಕೊಡಿ. ಅಲ್ಲಿಯ ತನಕ ಘಾಟಿ ಇಳಿಯುವ ಪ್ರಯಾಣ ಇಟ್ಟುಕೊಳ್ಳಬೇಡಿ. ಇಟ್ಟುಕೊಂಡಿದ್ದರೆ ಮೇಲಿನ ಟ್ಯಾಂಕ್ ಖಾಲಿ ಮಾಡಿ ಹೋಗಿ, ಹತ್ತಿದ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇರಬೇಡಿ.

ಬರುವಾಗ ಗಾಡಿ ತೊಳೆದು ಖಾಲಿ ಮಾಡಿಕೊಂಡು ಬರಬೇಡಿ. ಪ್ರಯಾಣಕ್ಕೆ ಹೇಗೆ ಹೊರಡುತ್ತೀರೋ ಹಾಗೇ ಬನ್ನಿ, ಪಾತ್ರೆ, ಬಟ್ಟೆ, ಮಂಡಕ್ಕಿ ಚೀಲ, ನೀರು, ಡೀಸೆಲ್, ಮನೆಯವರು ಎಲ್ಲ ಸೇರಿ. ಒಟ್ಟು ತೂಕ ಒಂದು, ಮುಂದಿನ ಚಕ್ರ ಮಾತ್ರ ನಿಲ್ಲಿಸಿ ಒಂದು, ಹಿಂದಿನದು ಒಂದು, ಹೀಗೆ ಮೂರು ಸಲ ಹಾಕಿಸುತ್ತೇವೆ. ಹಿಂದೆ ಜಾಸ್ತಿಯಾಗಿ ಮುಂದೆ ಹಗುರವಾದರೆ ಸ್ಟೇರಿಂಗ್ ಹಿಡಿತ ತಪ್ಪುತ್ತದೆ, ಅದಕ್ಕೆ. ಆರ್.ಸಿ. ಮರೆಯಬೇಡಿ. ಚಿತ್ರದುರ್ಗ, ಹಿರಿಯೂರು ಕಡೆಯವರು ಇಲ್ಲಿ ತನಕ ಬರಬೇಕಾಗಿಲ್ಲ, ತಿಂಗಳ ಎರಡನೇ ಭಾನುವಾರ ನಾವೇ ಇಬ್ಬರು ದುರ್ಗಕ್ಕೆ ಬರುತ್ತೇವೆ, ಫೋನ್ ಮಾಡಿ ಹೆಸರು ಬರೆಸಿ.

ದಾವಣಗೆರೆಯಲ್ಲಿ ಬೆಳಗ್ಗೆ ಏಳರ ಒಳಗೆ ಬಂದರೆ ಒಳ್ಳೆಯದು. ಎಂಟಾದರೆ ಜೋಳದ ಲಾರಿ ಸಾಲು ಶುರುವಾಗುತ್ತದೆ, ಮಕ್ಕಳನ್ನು ಕೂರಿಸಿಕೊಂಡು ಬಿಸಿಲಲ್ಲಿ ಕಾಯುವುದು ಕಷ್ಟ. ಬೇಗ ಮುಗಿದರೆ ಎಲ್ಲರಿಗೂ ಬೆಣ್ಣೆದೋಸೆ ನಮ್ಮ ಕಡೆಯಿಂದ, ಅದು ತೂಕ ಹಾಕಿಸಿದ ಮೇಲೆ.

ನಿಮ್ಮ,
ಶೆಡ್ಡಿನ ಐದೂ ಜನ
ದಾವಣಗೆರೆ